ಚಿಂದಿ ಡಬ್ಬಿಗೆ ಹೋಗುವ ನೂಲಲ್ಲ

ಬೀದಿಯವರು ತಂಗಿಗೆ ರೇಡಿಯೊ ಎಂದು ಹೆಸರಿಟ್ಟಿದ್ದರು. ನೂಲಿಗೆ ಬಣ್ಣ ಹಾಕುವ ಆ ಶೆಡ್ಡಿನ ಮುಂದೆ ಹಾದುಹೋಗುವವರಿಗೆ ಹಂಡೆಯ ಹಬೆಗಿಂತ ಮೊದಲು ಅವಳ ಮಾತು ಎದುರಾಗುತ್ತಿತ್ತು. ನೂಲಿನ ಲಡಿ ಬಿಡಿಸುವಾಗ, ತೊಳೆಯುವಾಗ, ಹಿಂಡಿ ಗಳದ ಮೇಲೆ ಹರವುವಾಗ, ಅವಳ ಬಾಯಿಗೆ ಬಿಡುವೇ ಇರಲಿಲ್ಲ. ಹಂಡೆಯ ಮುಂದೆ ನಿಂತು ಬಣ್ಣ ಕಲಕುವ ಅಕ್ಕ, "ಸ್ವಲ್ಪ ಸೌಂಡ್ ಕಡಿಮೆ ಮಾಡೇ, ಅಳತೆ ತಪ್ಪುತ್ತೆ" ಎಂದು ದಿನಕ್ಕೊಮ್ಮೆಯಾದರೂ ಗದರುತ್ತಿದ್ದಳು.

ಆ ಮಾತು ನಿಂತು ಕೆಲವು ದಿನಗಳಾಗಿದ್ದವು. ಶೆಡ್ಡಿನಲ್ಲಿ ಹಂಡೆ ಕುದಿಯುವ ಸದ್ದೊಂದೇ ಕೇಳುತ್ತಿತ್ತು.

ಕೆಲವು ವರ್ಷಗಳ ಹಿಂದೆ ತಂಗಿಗೆ ಸ್ತನ ಕ್ಯಾನ್ಸರ್ ಬಂದಿತ್ತು. ಶಸ್ತ್ರಚಿಕಿತ್ಸೆ ಆಯಿತು. ಉದುರಿದ ಕೂದಲು ಮತ್ತೆ ಬಂತು, ನಿಂತ ಮಾತೂ ಮತ್ತೆ ಬಂತು. ದಿನಾ ಒಂದು ಮಾತ್ರೆ ನುಂಗುತ್ತಾ ಅವಳು ಕೆಲಸಕ್ಕೆ ಮರಳಿದಳು. ಆಮೇಲೊಂದು ದಿನ ಬೆನ್ನುನೋವು ಶುರುವಾಯಿತು. ಒದ್ದೆ ಲಡಿ ಎತ್ತಿ ಉಳುಕಿರಬೇಕು ಎಂದು ಅಕ್ಕ ಮುಲಾಮು ತಿಕ್ಕಿದಳು. ನೋವು ಬಗ್ಗಲಿಲ್ಲ. ಸ್ಕ್ಯಾನ್ ಮಾಡಿಸಿದಾಗ ಗೊತ್ತಾಯಿತು: ರೋಗ ಮರಳಿತ್ತು, ಬೆನ್ನಿನ ಮೂಳೆಗೆ ಹರಡಿತ್ತು.

"ಈಗಿನ ಮಾತ್ರೆ ಕೆಲಸ ಮಾಡ್ತಿಲ್ಲ" ಎಂದರು ಡಾಕ್ಟರು. ತಂಗಿ ಪರೀಕ್ಷೆಗೆ ರಕ್ತ ಕೊಡಲು ಪಕ್ಕದ ಕೋಣೆಗೆ ಹೋಗಿದ್ದಳು. ಎದುರಿಗಿದ್ದದ್ದು ಅಕ್ಕ ಒಬ್ಬಳೇ. "ಬೇರೆ ಔಷಧಿ ಇದೆ, ಮುಂದಿನ ವಾರ ಶುರು ಮಾಡಬಹುದು. ಅದಕ್ಕೆ ಮುಂಚೆ ಇನ್ನೊಂದು ವಿಷಯ. ನಮ್ಮಲ್ಲಿ ಒಂದು ಕ್ಲಿನಿಕಲ್ ಟ್ರಯಲ್ ನಡೀತಿದೆ. ಹೊಸ ಔಷಧಿಯ ಪ್ರಯೋಗ. ನಿಮ್ಮ ತಂಗಿಗೆ ಹೊಂದಬಹುದು. ಅವರು ಬರಲಿ, ಕೂತು ಮಾತಾಡೋಣ."

ಪ್ರಯೋಗ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಕ್ಕನ ಕಣ್ಣ ಮುಂದೆ ಬಂದದ್ದು ಶೆಡ್ಡಿನ ಮೂಲೆಯಲ್ಲಿರುವ ಚಿಂದಿ ಡಬ್ಬಿ. ಹೊಸ ಬಣ್ಣದ ಪುಡಿ ಬಂದಾಗ ಅವಳು ಇಡೀ ಲಡಿಯನ್ನು ಹಂಡೆಗೆ ಇಳಿಸುವವಳಲ್ಲ. ಮೊದಲು ಒಂದು ಚೂರು ನೂಲು ಅದ್ದಿ ನೋಡುತ್ತಾಳೆ. ಆ ಚೂರನ್ನು ಒಳ್ಳೆಯ ಲಡಿಯಿಂದ ಯಾರು ಕತ್ತರಿಸುತ್ತಾರೆ? ಗಂಟುಬಿದ್ದದ್ದು, ಸವೆದದ್ದು, ಹೇಗೂ ಮಾರಾಟವಾಗದ್ದು, ಅಂಥದ್ದರಿಂದ ಕತ್ತರಿಸುವುದು. ಅದ್ದಿ, ಒಣಗಿಸಿ, ಬಣ್ಣ ನೋಡಿಯಾದ ಮೇಲೆ ಡಬ್ಬಿಗೆ ಎಸೆಯುವುದು.

"ಬೇಡ ಡಾಕ್ಟ್ರೇ" ಎಂದಳು ಅಕ್ಕ. "ಅವಳ ಹತ್ರ ಈ ಮಾತು ಎತ್ತಲೇಬೇಡಿ."

ಡಾಕ್ಟರು ಏನೋ ಹೇಳಬೇಕೆಂದಿದ್ದರು. ಅಷ್ಟರಲ್ಲಿ ವಾರ್ಡಿನಿಂದ ತುರ್ತು ಕರೆ ಬಂತು, ಎದ್ದು ಓಡಿದರು. ತಂಗಿ ತೋಳಿನ ಹತ್ತಿ ಒತ್ತಿಕೊಂಡು ಬಂದು, "ಏನಂದ್ರು?" ಎಂದು ಕೇಳಿದಳು.

"ಮುಂದಿನ ವಾರ ಬೇರೆ ಔಷಧಿ ಶುರು ಅಂತೆ."

"ಅಷ್ಟೇನಾ?"

"ಅಷ್ಟೇ."

ತಾಯಿ ಹೋದಾಗ ತಂಗಿ ಇನ್ನೂ ಸಣ್ಣವಳು. ಜಡೆ ಹಾಕಿದ್ದು, ಕೆಲಸ ಕಲಿಸಿದ್ದು, ಜ್ವರ ಬಂದಾಗ ಹಣೆಗೆ ಬಟ್ಟೆ ಹಾಕಿದ್ದು ಎಲ್ಲ ಅಕ್ಕನೇ. ಅವಳ ಪರವಾಗಿ ಮಾತಾಡುವುದು ಅಕ್ಕನಿಗೆ ಉಸಿರಾಡಿದಷ್ಟು ಸಹಜವಾಗಿತ್ತು. ಹಾಗಾಗಿ ತಾನೊಂದು ತಪ್ಪು ಮಾಡಿದೆ ಎಂದು ಅವಳಿಗೆ ಹೊಳೆಯಲೂ ಇಲ್ಲ.

ಒಂದೆರಡು ದಿನ ಕಳೆದಿರಬೇಕು. ಅಕ್ಕನ ಕೈ ಮೊಣಕೈವರೆಗೆ ನೀಲಿಯಾಗಿತ್ತು. ಹಲಗೆಯ ಮೇಲಿದ್ದ ತಂಗಿಯ ಫೋನು ಬಡಿದುಕೊಂಡಿತು. ತಂಗಿ ಒಣಹಾಕಿದ ಲಡಿಗಳ ಹಿಂದೆ ಚಾಪೆಯ ಮೇಲೆ ಮಲಗಿದ್ದಳು. ಎಬ್ಬಿಸುವುದು ಬೇಡವೆಂದು ಅಕ್ಕ ಮೊಣಕೈಯಿಂದಲೇ ಸ್ಪೀಕರ್ ಒತ್ತಿದಳು.

"ನಮಸ್ಕಾರ, ಆಸ್ಪತ್ರೆಯಿಂದ ನರ್ಸ್ ಮಾತಾಡ್ತಿರೋದು. ನಮ್ಮ ಪೇಶೆಂಟ್ ಇದ್ದಾರಾ?"

"ನಾನು ಅವಳ ಅಕ್ಕ. ಅವಳು ಮಲಗಿದ್ದಾಳೆ. ಆ ಟ್ರಯಲ್ ವಿಷಯ ತಾನೇ? ಬೇಡ ಅಂತ ಅವತ್ತೇ ಹೇಳಿದ್ದೀನಲ್ಲ."

"ಹೌದಕ್ಕಾ, ಡಾಕ್ಟರು ಹೇಳಿದ್ರು. ಆದ್ರೆ ಆ ಬೇಡ ನಿಮ್ಮದು. ಬೇಡ ಅನ್ನೋದಾದ್ರೂ ಅವರೇ ಅನ್ನಬೇಕು. ಅವರು ಎದ್ದ ಮೇಲೆ ನನಗೆ ಫೋನ್ ಮಾಡೋಕೆ ಹೇಳ್ತೀರಾ?"

ಅಕ್ಕ ಉತ್ತರಿಸುವ ಮೊದಲೇ ಲಡಿಗಳು ಸರಿದವು. ತಂಗಿ ಎದ್ದು ನಿಂತಿದ್ದಳು.

"ಯಾವ ಟ್ರಯಲ್?"

ತಂಗಿ ಫೋನು ಕೈಗೆ ತೆಗೆದುಕೊಂಡು, "ಸಿಸ್ಟರ್, ನಾಳೆ ಬರ್ತೀನಿ" ಎಂದು ಹೇಳಿ ಇಟ್ಟಳು.

"ಎಲ್ಲಾರೂ ನನ್ನ ರೇಡಿಯೊ ಅಂತಾರೆ. ಇಷ್ಟುದ್ದ ಬಾಯಿದೆ ನನಗೆ. ಅದನ್ನ ಬಿಟ್ಟು ನಿನ್ನ ಬಾಯಲ್ಲಿ ಉತ್ತರ ಕೊಟ್ಯಾ?"

"ನಿನ್ನ ಒಳ್ಳೇದಕ್ಕೆ ಕಣೇ. ಅವರು ಹೊಸ ಬಣ್ಣ ಅದ್ದಿ ನೋಡೋಕೆ ಯಾರನ್ನ ಹುಡುಕ್ತಾರೆ ಗೊತ್ತಾ? ನಿನ್ನನ್ನ ಚಿಂದಿ ಡಬ್ಬಿಗೆ ಹಾಕೋಕೆ ನಾನು ಬಿಡಲ್ಲ."

"ನಾನು ಚಿಂದಿ ಅಂತ ಡಾಕ್ಟ್ರು ಅಂದ್ರಾ?"

"ಇಲ್ಲ…"

"ಮತ್ತೆ? ಅಂದ್ಕೊಂಡವಳು ನೀನೇ ತಾನೇ?"

ಅಕ್ಕ ಹಂಡೆಯ ಕಡೆ ತಿರುಗಿದಳು. ಹಂಡೆಯ ನೀಲಿ ಆ ಹೊತ್ತಿಗೆ ಕಪ್ಪಿಗೆ ತಿರುಗಿತ್ತು. ಬಣ್ಣದ ಹದ ತಪ್ಪಿದ್ದು ಅವಳು ಗಮನಿಸದೇ ಹೋದದ್ದು ಅದೇ ಮೊದಲು.

ಮರುದಿನ ಆಸ್ಪತ್ರೆಗೆ ಹೋದವರು ಮೂವರು: ತಂಗಿ, ಅಕ್ಕ, ಮತ್ತು ಭಾವ. ಭಾವ ಎಂದರೆ ಅಕ್ಕನ ಗಂಡ. ಸಣ್ಣ ವ್ಯಾನಿನಲ್ಲಿ ನೂಲು ತಲುಪಿಸುವವನು, ಮಾತು ಕಡಿಮೆ. ನರ್ಸಿನ ಕೋಣೆ ಚಿಕ್ಕದು, ಒಂದು ಕಂಪ್ಯೂಟರು, ಬಂದವರಿಗೆ ಎರಡೇ ಕುರ್ಚಿ. ಹೊರಗಿನಿಂದ ಮೂರನೆಯದನ್ನು ತಂದು ಹಾಕಿ, ನರ್ಸು ಅದರಲ್ಲಿ ಅಕ್ಕನನ್ನು ಕೂರಿಸಿದರು. ಬಾಗಿಲು ಮುಚ್ಚಿ ತಂಗಿಯ ಕಡೆ ತಿರುಗಿದರು.

"ಕೇಳಿ. ಏನು ಬೇಕಾದ್ರೂ."

"ಈ ಔಷಧಿಯಿಂದ ನನಗೆ ವಾಸಿ ಆಗುತ್ತಾ?"

"ಮೂಳೆಗೆ ಹರಡಿದ ಮೇಲೆ ಪೂರ್ತಿ ವಾಸಿ ಅಂತ ಈಗಿರೋ ಯಾವ ಔಷಧಿ ಬಗ್ಗೆನೂ ನಾನು ಹೇಳಲಾರೆ. ಹಿಡಿತದಲ್ಲಿ ಇಡಬಹುದು. ಅದರಲ್ಲಿ ಹೊಸದು ಹೆಚ್ಚೋ, ಈಗ ಎಲ್ಲರಿಗೂ ಕೊಡೋದು ಹೆಚ್ಚೋ, ಗೊತ್ತಿಲ್ಲ. ಗೊತ್ತಿದ್ದಿದ್ರೆ ಪ್ರಯೋಗನೇ ಬೇಕಾಗ್ತಿರಲಿಲ್ಲ."

ಸುಳ್ಳು ಸಮಾಧಾನ ಹೇಳದ ಆ ಮಾತೇ ಅಕ್ಕನಿಗೆ ಮೊದಲ ಬಾರಿ ಧೈರ್ಯ ಕೊಟ್ಟಿತು. ಆದರೂ ಅವಳು ಕೇಳದೆ ಬಿಡಲಿಲ್ಲ.

"ಅಂದ್ರೆ ಅವಳ ಮೇಲೆ ಅದ್ದಿ ನೋಡ್ತೀರಿ. ನಾವು ಚೂರು ನೂಲು ಅದ್ದಿ ನೋಡಿದ ಹಾಗೆ."

ನರ್ಸು ನಗಲಿಲ್ಲ. ಚೂರು ನೂಲಿನ ವಿಷಯ ಪೂರ್ತಿ ಹೇಳಿಸಿ ಕೇಳಿಸಿಕೊಂಡರು. "ನಿಮ್ಮ ಭಯಕ್ಕೆ ಅರ್ಥ ಇದೆ ಅಕ್ಕಾ. ಆದ್ರೆ ಈ ಔಷಧಿ ಮೊದಲು ಪ್ರಯೋಗಾಲಯದಲ್ಲಿ ಪರೀಕ್ಷೆ ಆಗಿದೆ. ಆಮೇಲೆ ಕೆಲವೇ ಜನರಲ್ಲಿ, ಎಷ್ಟು ಕೊಟ್ಟರೆ ಸುರಕ್ಷಿತ ಅಂತ ನೋಡಿದ್ದಾರೆ. ಈಗ ಮಾಮೂಲಿ ಔಷಧಿ ಪಕ್ಕದಲ್ಲಿ ಇಟ್ಟು ನೋಡೋ ಹಂತ. ಹಾಗಂತ ಅಪಾಯ ಇಲ್ಲವೇ ಇಲ್ಲ ಅನ್ನಲ್ಲ. ಸುಸ್ತು, ವಾಂತಿ, ರಕ್ತಕಣ ಕಡಿಮೆಯಾಗೋದು, ಗೊತ್ತಿರೋದೆಲ್ಲ ಈ ಪತ್ರದಲ್ಲಿ ಬರ್ದಿದೆ. ಗೊತ್ತಿಲ್ಲದ್ದೂ ಬರಬಹುದು. ಅದಕ್ಕೇ ಪದೇ ಪದೇ ರಕ್ತ, ಸ್ಕ್ಯಾನ್ ನೋಡ್ತೀವಿ. ನೀವು ಬಣ್ಣ ನೋಡಿ ಚೂರನ್ನ ಎಸೀತೀರಿ. ನಾವು ಇವರ ಮೇಲಿಟ್ಟ ಕಣ್ಣು ತೆಗೆಯೋ ಹಾಗಿಲ್ಲ."

"ಖಾಲಿ ಮಾತ್ರೆ ಕೊಟ್ಟು ಮೋಸ ಮಾಡ್ತಾರೆ ಅಂತಾರಲ್ಲ?" ಎಂದಳು ತಂಗಿ.

"ಇದರಲ್ಲಿ ಖಾಲಿ ಮಾತ್ರೆ ಇಲ್ಲ. ಒಂದು ಗುಂಪಿಗೆ ಹೊಸದು, ಇನ್ನೊಂದಕ್ಕೆ ಈಗ ಎಲ್ಲರಿಗೂ ಕೊಡೋ ಔಷಧಿ. ಕೆಲವು ಪ್ರಯೋಗಗಳಲ್ಲಿ ಮಾಮೂಲಿ ಚಿಕಿತ್ಸೆ ಜೊತೆಗೆ ಖಾಲಿ ಮಾತ್ರೆ ಇರುತ್ತೆ. ಇದ್ದರೆ ಮೊದಲೇ ಹೇಳಲೇಬೇಕು."

"ಯಾರಿಗೆ ಯಾವುದು ಅಂತ ಡಾಕ್ಟ್ರು ಆರಿಸ್ತಾರಾ?"

"ಇಲ್ಲ. ಕಂಪ್ಯೂಟರು ಚೀಟಿ ಎತ್ತಿದ ಹಾಗೆ ಆರಿಸುತ್ತೆ."

"ಇದ್ಯಾವ ನ್ಯಾಯ?" ಎಂದ ಭಾವ. ಬೆಳಿಗ್ಗೆಯಿಂದ ಅವನಾಡಿದ ಮೊದಲ ಮಾತು ಅದು.

ಉತ್ತರ ಕೊಟ್ಟದ್ದು ನರ್ಸಲ್ಲ, ಅಕ್ಕ. ಅವಳ ದನಿ ತಗ್ಗಿತ್ತು. "ನ್ಯಾಯನೇ ರೀ. ಎರಡು ಬಣ್ಣ ಹೋಲಿಸಿ ನೋಡುವಾಗ ನಾನು ಲಡಿ ಆರಿಸಲ್ಲ. ಆರಿಸಿದ್ರೆ ನನಗಿಷ್ಟದ ಬಣ್ಣಕ್ಕೆ ಒಳ್ಳೇ ನೂಲು ಹೋಗಿಬಿಡುತ್ತೆ, ಕೈ ತಾನಾಗೇ ಹೋಗುತ್ತೆ. ಅದಕ್ಕೇ ಇವಳ ಕಣ್ಣು ಮುಚ್ಚಿಸಿ ತೆಗೆಸ್ತೀನಿ."

"ಆಗ ಮಾತ್ರ ನನ್ನ ಬಾಯೂ ಮುಚ್ಚಿಸ್ತಾಳೆ" ಎಂದಳು ತಂಗಿ.

ನರ್ಸು ನಕ್ಕರು. ಅಕ್ಕನ ಮುಖವೂ ಸಡಿಲವಾಯಿತು. ತನ್ನ ಶೆಡ್ಡಿನಲ್ಲಿ ಪ್ರಯೋಗವೆಂದರೆ ಚಿಂದಿ ಡಬ್ಬಿಯೊಂದೇ ಅಲ್ಲ ಎಂಬುದು ಇಷ್ಟು ದಿನ ಅವಳ ನೆನಪಿಗೇ ಬಂದಿರಲಿಲ್ಲ.

ಆಮೇಲೆ ಭಾವನ ನಾಲಿಗೆಯೂ ಸಡಿಲವಾಯಿತು. ತೊಂದರೆಯಾದರೆ ಯಾರು ಹೊಣೆ ಎಂದು ಕೇಳಿದ. ಚಿಕಿತ್ಸೆ, ಪರಿಹಾರ ಯಾರದು ಎಂದು ಪತ್ರದಲ್ಲೇ ಇರಬೇಕು, ಇಲ್ಲದಿದ್ದರೆ ಸಹಿ ಹಾಕಬೇಡಿ ಎಂದರು ನರ್ಸು. ಪ್ರಯೋಗದ ಔಷಧಿಗೆ ಇಲ್ಲಿ ದುಡ್ಡಿಲ್ಲ, ಓಡಾಟದ ಖರ್ಚು ಯಾರದು ಎಂದು ಈಗಲೇ ಕೇಳಿ ತಿಳಿದುಕೊಳ್ಳಿ ಎಂದರು. ಈ ಪ್ರಯೋಗ ನ್ಯಾಯವಾಗಿದೆಯೇ ಎಂದು ಪರಿಶೀಲಿಸಿ ಒಪ್ಪಿಗೆ ಕೊಡುವ ನೈತಿಕ ಸಮಿತಿಯ ಫೋನ್ ನಂಬರನ್ನೂ ತೋರಿಸಿದರು.

"ಮಧ್ಯದಲ್ಲಿ ಬೇಡ ಅನ್ನಿಸಿದ್ರೆ?" ತಂಗಿ ಕೇಳಿದಳು.

"ಬಿಡಬಹುದು. ಕಾರಣ ಹೇಳಲೇಬೇಕು ಅಂತಿಲ್ಲ. ಡಾಕ್ಟರು ಮುನಿಸ್ಕೊಳ್ಳಲ್ಲ, ಬೇರೆ ಚಿಕಿತ್ಸೆ ನಿಲ್ಲಲ್ಲ. ಒಂದೇ ಮಾತು, ಹೇಳಿ ಬಿಡಿ, ಸುಮ್ಮನೆ ಮಾತ್ರೆ ನಿಲ್ಲಿಸ್ಬೇಡಿ."

"ನನ್ನನ್ನ ಇದಕ್ಕೆ ತಗೊಳ್ಳದೇ ಇದ್ರೆ?"

"ಅದೂ ಆಗಬಹುದು. ಯಾವ ಬಗೆಯ ಕ್ಯಾನ್ಸರ್, ಎಲ್ಲಿಗೆ ಹರಡಿದೆ, ಯಾವ ಔಷಧಿ ಆಗಿದೆ, ಎಲ್ಲ ಹೊಂದಬೇಕು. ಅದಕ್ಕೇ ಬೇರೆ ಔಷಧಿ ಶುರು ಮಾಡೋಕೆ ಮುಂಚೆ ಫೋನ್ ಮಾಡಿದ್ದು. ಒಂದು ಸಲ ಶುರುವಾದ್ರೆ ಈ ಬಾಗಿಲು ಮುಚ್ಚಿಹೋಗಬಹುದು. ಇಲ್ಲಿ ಆಗದಿದ್ರೆ ಬೇರೆ ಕಡೆ ನೋಡೋಣ." ನರ್ಸು ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದರು. "ದೇಶದಲ್ಲಿ ನಡೆಯೋ ಪ್ರಯೋಗಗಳ ಸರ್ಕಾರಿ ಪಟ್ಟಿ ಇದು. ಯಾರು ಬೇಕಾದ್ರೂ ನೋಡಬಹುದು. ನೋಡಿ, ನಿಮ್ಮ ಡಾಕ್ಟರ ಹತ್ರ ಬಂದು ಕೇಳಿ. ಸೇರಿಸ್ತೀನಿ ದುಡ್ಡು ಕೊಡಿ ಅನ್ನೋರ ಹತ್ರ ಮಾತ್ರ ಹೋಗಬೇಡಿ."

ಸಹಿ ಅಂದೇ ಆಗಲಿಲ್ಲ. ನರ್ಸೇ ಬೇಡವೆಂದರು. ಪತ್ರವನ್ನು ಮನೆಗೆ ಒಯ್ದು ಓದಿ, ಚಿಕಿತ್ಸೆ ತಡವಾಗದ ಹಾಗೆ ಈ ವಾರದೊಳಗೆ ತಿಳಿಸಿ ಎಂದು ಕಳಿಸಿದರು. ಸಂಜೆ ಭಾವ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದ. ಅರ್ಥವಾಗದ ಕಡೆಯಲ್ಲೆಲ್ಲ ತಂಗಿ ಪೆನ್ಸಿಲಿನಲ್ಲಿ ಗೀಟು ಹಾಕಿದಳು. ಓದಿ ಮುಗಿದಾಗ ಅಕ್ಕ ಅಭ್ಯಾಸಬಲದಿಂದ ಬಾಯಿ ತೆರೆದು, ಹಾಗೇ ಮುಚ್ಚಿಕೊಂಡಳು.

"ಹೇಳೇ, ಏನನ್ನಿಸುತ್ತೆ?" ಎಂದಳು ತಂಗಿ.

"ನಿನಗೇನನ್ನಿಸುತ್ತೆ?"

ತಂಗಿ ಪೆನ್ಸಿಲನ್ನು ಪತ್ರದ ಮೇಲಿಟ್ಟಳು. "ಇಷ್ಟು ವರ್ಷ ನನ್ನ ಕಾಪಾಡಿದ ಮಾತ್ರೆನೂ ಒಂದು ಕಾಲದಲ್ಲಿ ಹೊಸದೇ. ಯಾರೋ ಹೆಂಗಸರು ಇಂಥದ್ದೇ ಪತ್ರಕ್ಕೆ ಸಹಿ ಹಾಕಿರಬೇಕು. ಅವರ ಮುಖ ನಾನು ನೋಡಿಲ್ಲ. ನಾನು ಸೇರ್ತೀನಿ. ನನಗೋಸ್ಕರನೂ ಹೌದು."

ಗೀಟು ಹಾಕಿದ್ದನ್ನೆಲ್ಲ ಕೇಳಿ ತಿಳಿದುಕೊಂಡ ಮೇಲೆ ತಂಗಿ ಸಹಿ ಮಾಡಿದಳು. ಪರೀಕ್ಷೆಗಳಾದವು. ಅವಳು ಪ್ರಯೋಗಕ್ಕೆ ಹೊಂದುತ್ತಾಳೆ ಎಂದಾಯಿತು. ಆದರೆ ಕಂಪ್ಯೂಟರು ಅವಳಿಗೆ ಆರಿಸಿದ್ದು ಈಗ ಎಲ್ಲರಿಗೂ ಕೊಡುವ ಔಷಧಿಯ ಗುಂಪನ್ನು. ಸುದ್ದಿ ಕೇಳಿ ಅಕ್ಕನ ಕಣ್ಣು ತುಂಬಿತು. ಬೇಡವೆಂದು ಹಟ ಹಿಡಿದವಳೇ ಈಗ ಹೊಸದು ಸಿಗಲಿಲ್ಲವೆಂದು ಅಳುತ್ತಿದ್ದಳು.

"ಅಳ್ಬೇಡ ಕಣೇ" ಎಂದಳು ತಂಗಿ. "ಇವತ್ತಿಗೆ ಗೊತ್ತಿರೋದರಲ್ಲಿ ಒಳ್ಳೇದೇ ಕೊಡ್ತಿದ್ದಾರೆ. ಎರಡೂ ಲಡಿ ಪಕ್ಕಪಕ್ಕ ಇಟ್ರೆ ತಾನೇ ಬಣ್ಣ ತಿಳಿಯೋದು?"

ಈಗ ಅವಳ ಬೆನ್ನುನೋವು ಸ್ವಲ್ಪ ತಗ್ಗಿದೆ. ಮುಂದೇನು ಎಂದು ಯಾರಿಗೂ ಗೊತ್ತಿಲ್ಲ. ಮೊನ್ನೆ ತಪಾಸಣೆಗೆ ಹೋದಾಗ ಹೊರಗಿನ ಬೆಂಚಿನಲ್ಲಿ ವಯಸ್ಸಾದ ಒಬ್ಬ ತಾಯಿ, ಅವರ ಪಕ್ಕದಲ್ಲಿ ಮಗ ಕೂತಿದ್ದರು. ನರ್ಸು ತಾಯಿಯನ್ನು ಏನೇ ಕೇಳಿದರೂ ಮಗನೇ ಉತ್ತರಿಸುತ್ತಿದ್ದ. ನರ್ಸು ಒಳಗೆ ಹೋಗುವುದನ್ನೇ ಕಾದಿದ್ದ ಅಕ್ಕ ಅವನ ಕಡೆ ವಾಲಿದಳು.

"ತಪ್ಪು ತಿಳ್ಕೋಬೇಡಪ್ಪ. ಅವರನ್ನೇ ಹೇಳೋಕೆ ಬಿಡು. ನಾನೂ ನಿನ್ನ ಹಾಗೇ ಮಾಡಿದ್ದೆ."

ಮಗ ತಾಯಿಯ ಕಡೆ ತಿರುಗಿದ. ಆ ತಾಯಿ ಸೆರಗು ಸರಿಪಡಿಸಿಕೊಂಡು, ನಿಧಾನವಾಗಿ, "ನನಗೆ ಒಂದೆರಡು ಮಾತು ಕೇಳೋದಿತ್ತು" ಎಂದರು.

"ಕೇಳಿ ಅಮ್ಮಾ" ಎಂದಳು ತಂಗಿ, ಅವರ ಪಕ್ಕಕ್ಕೆ ಸರಿದು ಕೂತು. ಆಮೇಲೆ ಅರ್ಧ ಗಂಟೆ ಅವಳ ಮಾತು ನಿಲ್ಲಲಿಲ್ಲ. ಸೌಂಡ್ ಕಡಿಮೆ ಮಾಡು ಎಂದು ಅಕ್ಕ ಗದರಲೂ ಇಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ನಿಮಗೋ ನಿಮ್ಮ ಮನೆಯವರಿಗೋ ಸ್ತನ ಕ್ಯಾನ್ಸರ್ ಇದ್ದರೆ, ಚಿಕಿತ್ಸೆ ಶುರು ಮಾಡುವ ಮೊದಲು ಮತ್ತು ಔಷಧಿ ಬದಲಿಸುವ ಮೊದಲು ಒಂದು ಪ್ರಶ್ನೆ ಕೇಳಿ: "ಡಾಕ್ಟ್ರೇ, ನನಗೆ ಹೊಂದುವ ಕ್ಲಿನಿಕಲ್ ಟ್ರಯಲ್ ಏನಾದ್ರೂ ಇದ್ಯಾ?" ಹಳೆಯ ವರದಿಗಳನ್ನೆಲ್ಲ ಜೋಪಾನವಾಗಿಡಿ, ನಿಮ್ಮದು ಯಾವ ಬಗೆಯ ಕ್ಯಾನ್ಸರ್ ಎಂದು ಕೇಳಿ ತಿಳಿದುಕೊಳ್ಳಿ. ಪತ್ರವನ್ನು ಮನೆಗೆ ಒಯ್ದು ಓದಿಸಿ ಕೇಳಿ. ಅರ್ಥವಾಗದೆ ಸಹಿ ಹಾಕಬೇಡಿ. ಸೇರುವುದೂ ನಿಮ್ಮ ಹಕ್ಕು, ಸೇರದಿರುವುದೂ ನಿಮ್ಮ ಹಕ್ಕು, ನಡುವೆ ಬಿಡುವುದೂ ನಿಮ್ಮ ಹಕ್ಕು. ಮನೆಯವರೇ, ನಿಮ್ಮ ಪ್ರೀತಿ ಅವಳ ಜೊತೆಗಿರಲಿ, ಪಕ್ಕದ ಕುರ್ಚಿಯಲ್ಲಿ ಕೂತಿರಲಿ. ಉತ್ತರ ಮಾತ್ರ ಅವಳ ಬಾಯಿಂದಲೇ ಬರಲಿ.