ಕರಿಮೂತಿಯ ತವರು

ರೋಗ ಬಂದು ಹಿಂಡೆಲ್ಲ ಸತ್ತು, ಪೆದ್ದಹರಿವಾಣದ ಕುರಿಗಾರ ಯರ್ರೆಪ್ಪ ತಲೆಮೇಲೆ ಕೈಹೊತ್ತು ಕೂತಿದ್ದ ಕಾಲದಲ್ಲಿ, ನಂದವರದ ರೈತ ಗೆಳೆಯ ಬಜಾರಪ್ಪ ನಾಲ್ಕು ಗಬ್ಬದ ಕುರಿಗಳನ್ನು ಹೊಡೆದುಕೊಂಡು ಬಂದಿದ್ದ. "ಕೈಗೂಡಿದಾಗ ತಿರುಗಿಸೀಯಂತ" ಅಂದಿದ್ದ, ಅಷ್ಟೇ. ಪಾಲಿಗೆ ಕೊಟ್ಟರೆ ಹುಟ್ಟಿದ್ದರಲ್ಲಿ ಅರ್ಧ ಕೊಟ್ಟವನಿಗೆ. ಕೈಗಡವಾದರೆ ಕೊಟ್ಟಷ್ಟೇ ವಾಪಸ್ಸು. ಇದು ಯಾವುದೆಂದು ಇಬ್ಬರೂ ಬಾಯಿಬಿಟ್ಟಿರಲಿಲ್ಲ. ಗೆಳೆತನದ ಮಬ್ಬಿನಲ್ಲಿ ಅಂಥ ಮಾತು ಯಾರಿಗೆ ಹೊಳೆಯುತ್ತದೆ!

ವರ್ಷಗಳು ಕಳೆದಿದ್ದವು. ಈಗ ಯುದ್ಧ ಶುರುವಾಗಿ, ದಂಡಿಗೆ ಬೇಕೆಂದು ಕಂಬಳಿಗೆ ಗಿರಾಕಿ ಹೆಚ್ಚಿತ್ತು, ಕುರಿಯ ಬೆಲೆ ಏರಿತ್ತು, ಯರ್ರೆಪ್ಪನ ದೊಡ್ಡಿ ತುಂಬಿತ್ತು. ಕೊಟ್ಟ ಕುರಿ ಒಯ್ಯಲು ಬಜಾರಪ್ಪ ಬರುತ್ತಾನೆಂದು ಕೇಳಿದಾಗಿನಿಂದ ಅವನು ದಿನಕ್ಕೆ ಮೂರು ಸಲ ಹಿಂಡು ಎಣಿಸುತ್ತಿದ್ದ. ಗೊಬ್ಬರಕ್ಕೆಂದು ಹೊಲದಲ್ಲಿ ಹಿಂಡು ನಿಲ್ಲಿಸಿಕೊಂಡ ರೈತರು ಕೊಡುವ ಜೋಳದಿಂದ ಮನೆ ನಡೆಯುತ್ತಿತ್ತು. ಹಿಂಡು ಒಡೆದು ಅರ್ಧವಾದರೆ ಯಾವ ರೈತ ಕರೆದಾನು? ನಾಲ್ಕೇ ಕೊಟ್ಟರೆ, ಎತ್ತಿ ನಿಲ್ಲಿಸಿದವನ ಮುಖ ನೋಡುವುದು ಹೇಗೆ?

"ಅರ್ಧ ಕೊಡ್ರಿ," ಎಂದಳು ಹೆಂಡತಿ ಉಚ್ಚಮ್ಮ. "ಆತ ಇರಲಿಲ್ಲಂದ್ರ ನಾವೆಲ್ಲಿರ್ತಿದ್ವಿ?"

ಅವಳ ಮಾತೇ ಗೆದ್ದಿತು. ಬಜಾರಪ್ಪ ಬಂದು ನೀರು ಕುಡಿಯುವಷ್ಟರಲ್ಲಿ ಯರ್ರೆಪ್ಪ ಹಿಂಡನ್ನು ಎರಡು ಮಾಡಿ ನಿಲ್ಲಿಸಿದ್ದ.

ಬಜಾರಪ್ಪನ ಮುಖ ಕೆಂಪಾಯಿತು. "ನಾ ಪಾಲು ಕೇಳಾಕ ಬಂದೀನೇನಲೇ? ಕೊಟ್ಟಿದ್ದು ನಾಕು. ಮೂರು ಎಳೇವು ಕೊಡು. ನಾಕನೇದು ಅಲ್ಲಿ ನಿಂತೈತಿ ನೋಡು, ನಮ್ಮ ಕರಿಮೂತಿ! ಆಕಿ ನಮ್ಮನಿ ಮಗಳು."

ಅಂದು ಬಂದ ನಾಲ್ಕರಲ್ಲಿ ಉಳಿದದ್ದು ಅದೊಂದೇ. ಹಲ್ಲು ಸವೆದ ಮುದುಕಿ. ಆ ಮುದುಕಿ ಬೇಡ, ಅರ್ಧ ಹಿಂಡು ಒಯ್ಯಿ ಎಂದು ಯರ್ರೆಪ್ಪ ಎಷ್ಟು ಗೋಗರೆದರೂ ಆ ಮೊಂಡ ಕೇಳಲಿಲ್ಲ. ಕರಿಮೂತಿಗೆ ಹಗ್ಗ ಹಾಕಿ, ಮೂರನ್ನು ಮುಂದೆ ಬಿಟ್ಟುಕೊಂಡು ಹೊರಟೇಬಿಟ್ಟ.

ಕರಿಮೂತಿ ಹೆಜ್ಜೆಯಿಟ್ಟಳು. ಅವಳ ಹಿಂದೆ ಒಂದು, ಅದರ ಹಿಂದೆ ಇನ್ನೊಂದು, ಆಮೇಲೆ ಇಡೀ ಹಿಂಡು! ಇಷ್ಟು ದಿನ ಮುಂದಾಳಾಗಿದ್ದವಳು ಅವಳೇ; ಇಬ್ಬರಿಗೂ ಅದು ನೆನಪಾಗಿರಲಿಲ್ಲ. ಬಜಾರಪ್ಪ "ಹೇ, ಹೇ" ಎಂದು ಟವೆಲ್ಲು ಬೀಸಿದ. ಕುರಿಗಳು ಅವನನ್ನು ಸುತ್ತಿಕೊಂಡವು. ಉಚ್ಚಮ್ಮ ಸೆರಗು ಬಾಯಿಗಿಟ್ಟು ನಕ್ಕಳು.

ಯರ್ರೆಪ್ಪನ ಎದೆ ಹಗುರಾಯಿತು. "ಬಿಡಪ್ಪ, ಬರ್ಲಿ. ಬ್ಯಾಸಿಗ್ಯಾಗ ಹೆಂಗೂ ಹೊಳಿ ಕಡಿಗೆ ಹೋಗಾವ್ರು ನಾವು. ಮೊದ್ಲು ನಿನ್ನ ಹೊಲದಾಗ ನಿಲ್ಲಿಸ್ತೀನಿ. ವರ್ಷಾ ವರ್ಷ. ಒಂದು ಕಾಳು ಜ್ವಾಳಾನೂ ಬ್ಯಾಡ. ಇದಕ್ಕೂ ಇಲ್ಲಂದ್ರ ನಾ ನಿನ್ನ ಗೆಳ್ಯಾನೇ ಅಲ್ಲ."

ಬಜಾರಪ್ಪ ಮೀಸೆ ಕಚ್ಚಿಕೊಂಡು ಯೋಚಿಸಿ, "ಆಗ್ಲಿ" ಎಂದ.

ಹಿಂಡು ಕೆಲವು ರಾತ್ರಿ ತಂಗಿದ್ದರಲ್ಲೇ ನಂದವರದ ಹೊಲ ಕುರಿ ಹಿಕ್ಕೆಯಿಂದ ಕಪ್ಪಾಯಿತು. ಹಿಂಡು ಮುಂದಕ್ಕೆ ಹೊರಡುವ ಬೆಳಿಗ್ಗೆ ಎಳೆಯವು ಮೂರನ್ನು ಬಜಾರಪ್ಪ ತನ್ನ ದೊಡ್ಡಿಗೆ ಕೂಡಿಕೊಂಡ. ಕರಿಮೂತಿಯನ್ನೂ ಕಟ್ಟಿದ. ಉಳಿದ ಹಿಂಡು ಅವಳನ್ನು ನೋಡುತ್ತ ನಿಂತಿತೇ ಹೊರತು ಕದಲಲಿಲ್ಲ. ಕೋಲು ಹಿಡಿದ ಯರ್ರೆಪ್ಪ ಗೆಳೆಯನ ಮುಖ ನೋಡಿದ.

ಬಜಾರಪ್ಪ ಒಳಗೆ ಹೋಗಿ ತಟ್ಟೆ ಹಿಡಿದು ಬಂದ. ಮುದುಕಿ ಕುರಿಯ ಹಣೆಗೆ ಅರಿಶಿನ ಕುಂಕುಮ ಹಚ್ಚಿ, ಹೊಸ ಕುಪ್ಪಸದ ಖಣದಲ್ಲಿ ಹಿಡಿ ಅಕ್ಕಿ ಕಟ್ಟಿ ಅದರ ಕೊರಳಿಗೆ ಬಿಗಿದ. ಹೆಣ್ಣುಮಕ್ಕಳಿಗೆ ಉಡಿ ತುಂಬಿದ ಹಾಗೆಯೇ.

"ಹೋಗಿ ಬಾರವ್ವ," ಎಂದ, ಹಗ್ಗ ಬಿಚ್ಚುತ್ತ. "ಬರೋ ವರ್ಷ ಮಕ್ಕಳು ಮರಿ ಕರಕೊಂಡು ತವರಿಗೆ ಬಾ."

ಯರ್ರೆಪ್ಪ ಅವನ ಎರಡೂ ಕೈ ಹಿಡಿದುಕೊಂಡ. ಹಿಂಡು ಆಗಲೇ ಹೊಳೆಯ ದಾರಿ ಹಿಡಿದಿತ್ತು.