ಅಣ್ಣನ ಪ್ಲಾಸ್ಟರ್ ಕೋಣೆ, ಅತ್ತಿಗೆಯ ಸೈಕಲ್

ನಮ್ಮಣ್ಣ ಆಸ್ಪತ್ರೆಯಲ್ಲಿ ಮುರಿದ ಕೈಕಾಲಿಗೆ ಪ್ಲಾಸ್ಟರ್ ಹಾಕುತ್ತಾನೆ. ಇಪ್ಪತ್ತು ವರ್ಷದಿಂದ ಅದೇ ಕೆಲಸ. ಯಾರಾದರೂ ಏಣಿ ಹತ್ತಿದರೂ ಸಾಕು, ಅವನ ಕಣ್ಣಿಗೆ ಮುರಿದ ಕಾಲೇ ಕಾಣುತ್ತದೆ. ನಾನು ಅದೇ ಆಸ್ಪತ್ರೆಯ ಸಕ್ಕರೆ ಕಾಯಿಲೆ ವಿಭಾಗದಲ್ಲಿ ನರ್ಸ್. ಅತ್ತಿಗೆ ಹೊಲಿಗೆ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಿಷನ್ ಮುಂದೆ ಕೂರುವವರು. ಹೋಗುವುದೂ ಬರುವುದೂ ಬಸ್ಸಿನಲ್ಲಿ. ಮನೆಗೆ ಬಂದರೆ ಮತ್ತೆ ಕುರ್ಚಿ.

ಒಂದು ದಿನ ಅವರ ರಕ್ತಪರೀಕ್ಷೆ ಮಾಡಿಸಿದೆ. ಸಕ್ಕರೆ ಕಾಯಿಲೆ ಹೊಸ್ತಿಲಿಗೇ ಬಂದು ನಿಂತಿತ್ತು. ಅತ್ತಿಗೆಯ ಅಮ್ಮ ಇದೇ ಕಾಯಿಲೆಯಿಂದ ಒಂದು ಪಾದ ಕಳೆದುಕೊಂಡವರು. ವರದಿ ಕೈಯಲ್ಲಿ ಹಿಡಿದು ಅತ್ತಿಗೆ ತಮ್ಮ ಪಾದವನ್ನೇ ನೋಡುತ್ತ ಕೂತರು.

"ಇನ್ನೂ ಕಾಲ ಮಿಂಚಿಲ್ಲ, ಮೈಗೆ ಕೆಲಸ ಕೊಡಿ," ಅಂದರು ಡಾಕ್ಟರು.

ಅದೇ ವಾರ ನಮ್ಮ ಬೀದಿಯ ಕೊನೆಯಲ್ಲಿ ಬಾಡಿಗೆ ಸೈಕಲ್‌ಗಳ ನಿಲ್ದಾಣ ಶುರುವಾಯಿತು. ಫೋನಿನಿಂದ ಬೀಗ ತೆಗೆದು ಓಡಿಸಿಕೊಂಡು ಹೋಗಿ, ಹೋದ ಕಡೆಯ ನಿಲ್ದಾಣದಲ್ಲಿ ಬಿಟ್ಟರಾಯಿತು. ಅತ್ತಿಗೆಯ ಅಂಗಡಿಯ ಎದುರಿಗೂ ಒಂದು ನಿಲ್ದಾಣ ಬಂದಿತ್ತು.

"ಚಿಕ್ಕವಳಿದ್ದಾಗ ಓಡಿಸ್ತಿದ್ದೆ. ಇನ್ಮೇಲೆ ಸೈಕಲ್ಲಲ್ಲೇ ಅಂಗಡಿಗೆ ಹೋಗ್ತೀನಿ," ಅಂದರು ಅತ್ತಿಗೆ.

ಊಟಕ್ಕೆ ಕೂತಿದ್ದ ಅಣ್ಣ ಕೈ ನಿಲ್ಲಿಸಿದ. "ಬೇಡವೇ ಬೇಡ. ಈ ವಾರ ನಾಲ್ಕು ಜನಕ್ಕೆ ಪ್ಲಾಸ್ಟರ್ ಹಾಕಿದೀನಿ, ನಾಲ್ವರೂ ಬಾಡಿಗೆ ಸೈಕಲ್ಲಿಂದ ಬಿದ್ದವರೇ. ಗೊತ್ತಿದ್ದೂ ಗೊತ್ತಿದ್ದೂ ನಿನ್ನನ್ನ ಬಾವಿಗೆ ತಳ್ಳಲಾ?"

"ಅಣ್ಣಾ, ನಿನ್ನ ಕೋಣೆಗೆ ಬರೋದೇ ಬಿದ್ದವರು," ಅಂದೆ ನಾನು. "ಬೀಳದೆ ಆರಾಮಾಗಿ ಮನೆ ಸೇರಿದವರಿಗೆ ಅಲ್ಲೇನು ಕೆಲಸ? ಒಂದ್ಸಲ ನನ್ನ ವಿಭಾಗಕ್ಕೆ ಬಂದು ನೋಡು. ಕೂತು ಕೂತೇ ಹಾಸಿಗೆ ಹಿಡಿದವರು ಎಷ್ಟು ಜನ ಇದಾರೆ ಅಂತ. ದಿನಾ ಅರ್ಧ ಗಂಟೆ ಸೈಕಲ್ ತುಳಿದರೆ ಸಕ್ಕರೆ ಹಿಡಿತಕ್ಕೆ ಬರುತ್ತೆ, ಹೃದಯಕ್ಕೂ ಒಳ್ಳೇದು, ರಾತ್ರಿ ನಿದ್ದೆನೂ ಬರುತ್ತೆ."

ಅಣ್ಣ ಮುಖ ಊದಿಸಿಕೊಂಡ. ಅತ್ತಿಗೆ ಮಾತ್ರ ಜಗಳಕ್ಕೆ ಇಳಿಯಲಿಲ್ಲ. "ರೀ, ಆ ನಾಲ್ಕು ಜನ ಹೇಗೆ ಬಿದ್ದರು, ಅದನ್ನ ಹೇಳಿ," ಅಂದರು.

ಅಣ್ಣ ಬೆರಳು ಮಡಚಿದ. "ಒಬ್ಬನಿಗೆ ಸೀಟು ಎತ್ತರ, ನಿಲ್ಲಿಸೋಕೆ ಹೋದ, ಕಾಲು ನೆಲಕ್ಕೆ ಸಿಗಲಿಲ್ಲ. ಒಬ್ಬಳು ಬ್ರೇಕ್ ನೋಡದೆ ಹತ್ತಿದಳು, ಇಳಿಜಾರಲ್ಲಿ ಅದು ಹಿಡೀಲಿಲ್ಲ. ಇನ್ನೊಬ್ಬ ಫೋನ್ ನೋಡ್ತಾ ಗುಂಡಿಗೆ ಇಳಿದ. ನಾಲ್ಕನೆಯವನಿಗೆ ಹೆಲ್ಮೆಟ್ ಇರಲಿಲ್ಲ. ಮುರಿದ ಕೈ ಹಾಗಿರಲಿ, ಅದು ಕೂಡಿಕೊಳ್ಳುತ್ತೆ. ತಲೆಗೆ ಪೆಟ್ಟು ಬಿದ್ದು ಹೆಂಡತಿ ಗುರುತೇ ಸಿಕ್ತಿಲ್ಲ ಅವನಿಗೆ."

"ನಾನು ಅಳತೆ ತೆಗೆಯದೆ ಯಾರಿಗೂ ಅಂಗಿ ಹೊಲಿದವಳಲ್ಲ," ಅಂದರು ಅತ್ತಿಗೆ. "ಹತ್ತು ಜನ ಹತ್ತೋ ಸೈಕಲ್ಲು, ಸೀಟು ಹಿಂದಿನವರ ಅಳತೆಗೇ ಇರುತ್ತೆ. ಅದನ್ನ ಸರಿ ಮಾಡ್ಕೊಳ್ಳದೆ ನಾನು ಹತ್ತಲ್ಲ. ಮಿಕ್ಕಿದ್ದು ನೀವೇ ಕಲಿಸಿ."

ಅಣ್ಣ ಎರಡು ಭಾನುವಾರ ಮೈದಾನದಲ್ಲಿ ಕಲಿಸಿದ. ನಿಲ್ದಾಣದಲ್ಲಿ ಸೈಕಲ್ ಕೊಡುತ್ತಾರೆ, ಹೆಲ್ಮೆಟ್ ಕೊಡುವುದಿಲ್ಲ. ಅದನ್ನೂ ಅವನೇ ಅಂಗಡಿಯವನ ತಲೆ ತಿಂದು ಆರಿಸಿ ತಂದ.

ಮೂರು ತಿಂಗಳು ಎಲ್ಲ ಸುಸೂತ್ರ. ಆಮೇಲೊಂದು ಬೆಳಿಗ್ಗೆ, ನಿಂತಿದ್ದ ಕಾರಿನ ಬಾಗಿಲು ತಟ್ಟನೆ ತೆರೆದು ಅತ್ತಿಗೆ ಬಿದ್ದರು. ಅವರನ್ನು ಅಣ್ಣನ ಕೋಣೆಗೇ ಕರೆತಂದರು. ನಾನು ಓಡಿದೆ. ಅಣ್ಣ ಅತ್ತಿಗೆಯ ಕೈಕಾಲಿನ ಒಂದೊಂದು ಮೂಳೆಯನ್ನೂ ಒತ್ತಿ ನೋಡುತ್ತಿದ್ದ. ಮೂಳೆ ಮುರಿದಿರಲಿಲ್ಲ, ಮೊಣಕೈ ತರಚಿತ್ತು. ಹೆಲ್ಮೆಟ್ ಬಿರುಕು ಬಿಟ್ಟಿತ್ತು, ತಲೆಗೆ ಏನೂ ಆಗಿರಲಿಲ್ಲ.

ಇನ್ನು ಸೈಕಲ್ ಬಂದ್ ಎಂದೇ ಅಂದುಕೊಂಡೆ. ಹಿಂದಿನ ದಿನ ಮಾಡಿಸಿದ ರಕ್ತಪರೀಕ್ಷೆಯ ವರದಿ ನನ್ನ ಜೇಬಿನಲ್ಲಿತ್ತು. ಅದನ್ನು ಅಣ್ಣನ ಕೈಗೆ ಕೊಟ್ಟೆ. ಅತ್ತಿಗೆಯ ಸಕ್ಕರೆ ಸರಿಯಾದ ಮಟ್ಟಕ್ಕೆ ಇಳಿದಿತ್ತು. ಅವನು ಅದನ್ನು ಎರಡು ಸಲ ಓದಿದ.

"ಒಡೆದ ಹೆಲ್ಮೆಟ್ ಮತ್ತೆ ಹಾಕಬಾರದು. ಸಂಜೆ ಹೊಸದು ತರೋಣ," ಅಂದ. "ನಿಂತ ಕಾರು ಕಂಡರೆ ಒಂದು ಬಾಗಿಲಷ್ಟು ದೂರ ಬಿಟ್ಟು ಓಡಿಸು."

ಅತ್ತಿಗೆ ನಗುತ್ತಲೇ ಅತ್ತರು.

ಅಕ್ಕ ಅಣ್ಣಂದಿರೇ, ನಿಮ್ಮ ಬೀದಿಗೂ ಇಂಥ ಸೈಕಲ್ ಬಂದಿರಬಹುದು. ಹತ್ತುವ ಮೊದಲು ಸೀಟು ನಿಮ್ಮ ಎತ್ತರಕ್ಕೆ ಮಾಡಿಕೊಳ್ಳಿ, ಎರಡೂ ಬ್ರೇಕ್ ಒತ್ತಿ ನೋಡಿ, ಫೋನ್ ಒಳಗಿಡಿ. ಭಯವಾದರೆ ಹೆಲ್ಮೆಟ್ ಇನ್ನಷ್ಟು ಬಿಗಿಯಾಗಿ ಕಟ್ಟಿಕೊಳ್ಳಿ, ಮನೆಯಲ್ಲಿ ಮಾತ್ರ ಕೂರಬೇಡಿ.