ದಿನಕ್ಕೆ ನೂರು ರೊಟ್ಟಿ ತಿನ್ನುವ ಕಾರು

ಕಿಣ್ಣಿ ಸುಲ್ತಾನ ಎಂಬ ಊರಿನ ಸಂಘದ ಹನ್ನೊಂದು ಹೆಣ್ಣುಮಕ್ಕಳ ಕೈಯ ರೊಟ್ಟಿಗೆ ಕಲಬುರಗಿಯಲ್ಲಿ ಒಳ್ಳೆಯ ಹೆಸರಿತ್ತು. ಬೆಳಗಿನ ಐದಕ್ಕೆ ಒಲೆ ಹಚ್ಚಿದರೆ ಒಂಬತ್ತೂವರೆಯ ಹೊತ್ತಿಗೆ ಸಾವಿರದ ಇನ್ನೂರು ಜೋಳದ ರೊಟ್ಟಿ ಬುಟ್ಟಿ ಸೇರುತ್ತಿದ್ದವು. ಬಡಿಯುವುದರಲ್ಲಿ ತೊಂದರೆ ಇರಲಿಲ್ಲ. ಹೊತ್ತಿಗೆ ಸರಿಯಾಗಿ ಮುಟ್ಟಿಸುವುದೇ ಕಷ್ಟವಾಗಿತ್ತು.

ಬಸ್ಸಿನಲ್ಲಿ ಆರು ಬುಟ್ಟಿ ಏರಿಸಿದರೆ ಕಂಡಕ್ಟರ್ ಗೊಣಗುತ್ತಿದ್ದ. ಬಾಡಿಗೆ ಆಟೋದವನು ದಿನಕ್ಕೆ ಒಂದೂವರೆ ಸಾವಿರ ತೆಗೆದುಕೊಂಡು, ದಾರಿಯಲ್ಲಿ ಇನ್ನೊಬ್ಬರ ಸಿಮೆಂಟ್ ಚೀಲ ಇಳಿಸಿ ಹೋಗುತ್ತಿದ್ದ. ಒಂದೇ ತಿಂಗಳಲ್ಲಿ ಎರಡು ಸಲ ರೊಟ್ಟಿ ಕಲಬುರಗಿಯ ಹೆಣ್ಣುಮಕ್ಕಳ ಹಾಸ್ಟೆಲ್ ಮುಟ್ಟುವಷ್ಟರಲ್ಲಿ ಹುಡುಗಿಯರು ಅನ್ನ ಉಂಡು ಕ್ಲಾಸಿಗೆ ಹೋಗಿಬಿಟ್ಟಿದ್ದರು. ಹಾಸ್ಟೆಲ್ ವಾರ್ಡನ್ ಸಿಟ್ಟು ಮಾಡಲಿಲ್ಲ. "ಬಾಯರ, ನಿಮ್ಮ ರೊಟ್ಟಿ ಚಲೋ ಅವ. ಆದ್ರ ಮೂರನೇ ಸಲ ತಡ ಆದ್ರ ನಾ ಬ್ಯಾರೆ ಕಡೆ ನೋಡಬೇಕಾಗ್ತದ," ಎಂದಷ್ಟೇ ಹೇಳಿದರು.

ಆ ಮಾತು ಸಂಘದ ಅಧ್ಯಕ್ಷೆ ಸುಭದ್ರಾಬಾಯಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು. ಹಾಸ್ಟೆಲ್ ಕೈಬಿಟ್ಟರೆ ಅರ್ಧ ಒಲೆಗಳು ಆರುತ್ತವೆ.

ಸೋಮವಾರ ಸಂಘ ಕೂಡಿತು. ಸ್ವಂತ ಗಾಡಿಗೆಂದು ಮೂರು ವರ್ಷದಿಂದ ಕೂಡಿಟ್ಟ ನಾಲ್ಕು ಲಕ್ಷ ಬ್ಯಾಂಕಿನಲ್ಲಿತ್ತು. ಸುಭದ್ರಾಬಾಯಿಯ ತಮ್ಮನ ಮಗ ಮಹೇಶಕುಮಾರ ಮೊಬೈಲ್ ಹಿಡಿದುಕೊಂಡೇ ಬಂದ. ಅಫಜಲಪುರದ ಕಡೆ ಎರಡು ಹಂಗಾಮು ಕಬ್ಬಿನ ಲಾರಿ ಓಡಿಸಿದ ಹುಡುಗ. ಸಂಘದ ಗಾಡಿಗೆ ಅವನೇ ಡ್ರೈವರ್ ಎಂದು ಮೊದಲೇ ಠರಾವಾಗಿತ್ತು.

"ಅತ್ತಿ, ಇದನ್ನ ನೋಡು," ಎಂದು ಫೋಟೋ ತೋರಿಸಿದ. ಕರಿ ಬಣ್ಣದ ದೊಡ್ಡ ಡೀಸೆಲ್ ಕಾರು, ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿತ್ತು. "ಸೊಲ್ಲಾಪುರದ ಗಾಡಿ, ಈಗ ಕಲಬುರಗಿಯೊಳಗ ನಿಂತದ. ಮೂರು ಲಕ್ಷ ಹತ್ತು ಸಾವಿರ. ಕಾಲು ಇಟ್ರ ನೂರಾ ನಲವತ್ತು ಹೋಗ್ತದ. ಮತ್ತ ತಡ ಅನ್ನೋ ಮಾತೇ ಇಲ್ಲ."

"ಓಡೂದು ಇರ್ಲಿ, ಅದು ತಿನ್ನೂದೆಷ್ಟು?" ಎಂದು ಮೂಲೆಯಿಂದ ನಿಂಬೆವ್ವ ಕೇಳಿದಳು. ಸಂಘದ ಹಿರಿಯಳು ಆಕೆ.

"ಎಲ್ಲಾ ಗಾಡಿನೂ ತಿಂತಾವ, ಆಯಿ."

ಕಾರು ಎಂದರೆ ಸುಭದ್ರಾಬಾಯಿಗೆ ಮೊದಲಿನಿಂದಲೂ ಅಂಜಿಕೆ. ಕೊಂಡವರು ಒಂದು ವರ್ಷ ಮೆರೆದು, ಆಮೇಲೆ ಎಣ್ಣೆಗೆ ಹಣವಿಲ್ಲದೆ ಮನೆಮುಂದೆ ನಿಲ್ಲಿಸಿ ಕಾರಿನ ಮೇಲೆ ಹಪ್ಪಳ ಒಣಗಿಸಿದ್ದನ್ನು ಆಕೆ ಕಂಡಿದ್ದಳು. ಆದರೆ ಗಾಡಿ ಇಲ್ಲದೆ ವ್ಯಾಪಾರ ನಡೆಯುವಂತಿರಲಿಲ್ಲ.

"ಗುರುವಾರ ಹೋಗಿ ನೋಡೋಣು," ಎಂದಳು. "ಗುಲಫಶಾನ್ನ ಕರ್ಕೊಂಡು ಹೋಗೋಣು."

ಗುಲಫಶಾ ಆಳಂದದವಳು. ಗಂಡ ಜಮೀರನ ಗ್ಯಾರೇಜಿನಲ್ಲಿ ಹದಿನಾಲ್ಕು ವರ್ಷದಿಂದ ಬಿಡಿಭಾಗಗಳ ವ್ಯವಹಾರ ನೋಡಿಕೊಳ್ಳುತ್ತಿದ್ದಳು. ಹೆಣ್ಣುಮಕ್ಕಳಿಗೆ ಡ್ರೈವಿಂಗ್ ಕಲಿಸುವುದೂ ಆಕೆಯೇ. ವಾರಕ್ಕೊಮ್ಮೆ ಸಂಘದ ರೊಟ್ಟಿ ಒಯ್ಯುವ ಗಿರಾಕಿ. ಆದರೆ ಮಹೇಶನಿಗೆ ಇದು ಹಿಡಿಸಲಿಲ್ಲ. "ಲಾರಿ ಓಡಿಸಿದ ನನಗ ಗಾಡಿ ನೋಡಾಕ ಬರಂಗಿಲ್ಲೇನು?"

"ಬರ್ತದಪ್ಪಾ. ಆದ್ರ ನಿನಗ ಗಾಡಿ ಮ್ಯಾಲ ಮನಸು ಆಗೇದ. ಮನಸು ಆದವರಿಗೆ ಐಬು ಕಾಣಂಗಿಲ್ಲ," ಎಂದಳು ಅತ್ತೆ.

ಗುರುವಾರ ಹೊರಡುವಾಗ ಸುಭದ್ರಾಬಾಯಿ ಒಂದು ಖಾಲಿ ರೊಟ್ಟಿ ಬುಟ್ಟಿ ಕೈಯಲ್ಲಿ ಹಿಡಿದಳು. ಬಸ್ಸಿನಲ್ಲಿ ಬುಟ್ಟಿಯ ಪಕ್ಕ ಕುಳಿತುಕೊಳ್ಳಲು ಮಹೇಶ ನಾಚಿದ.

ಮಾರುವವನ ಅಂಗಳದಲ್ಲಿ ಕರಿ ಕಾರು ಫೋಟೋದಲ್ಲಿದ್ದಂತೆಯೇ ಮಿಂಚುತ್ತಿತ್ತು. ಮಹೇಶ ನೇರ ಸ್ಟೇರಿಂಗ್ ಹಿಡಿದು ಕುಳಿತ. ಗುಲಫಶಾ ಹೋಗಿ ಬಾನೆಟ್ ಮೇಲೆ ಅಂಗೈ ಇಟ್ಟಳು. ಬಿಸಿಯಾಗಿತ್ತು.

"ಆಗ್ಲೇ ಶುರು ಮಾಡಿಟ್ಟೀರಿ?" ಎಂದು ಕೇಳಿದಳು.

"ನೀವು ಬರ್ತೀರಂತ ತೊಳದು ಒಂದು ಸುತ್ತು ಹೊಡದೆ," ಎಂದ ಮಾರುವವ.

"ಹಂಗಾರ ನಾವು ಚಾ ಕುಡದು ಬರ್ತೇವಿ. ಅಲ್ಲೀತನಕ ಮುಟ್ಟಬ್ಯಾಡ್ರಿ."

ಚಹಾದ ಅಂಗಡಿಯಲ್ಲಿ ಎರಡು ತಾಸು ಕಳೆಯಿತು. ಮಹೇಶನಿಗೆ ತಾಳ್ಮೆ ಇರಲಿಲ್ಲ. "ಚಾ ಕುಡಿಯಾಕ ಇಷ್ಟು ಹೊತ್ತು ಯಾಕ ಬೇಕ್ರಿ?"

"ಎಂಜಿನ್ ಬಿಸಿ ಇದ್ದಾಗ ಅದರ ರೋಗ ಮುಚ್ಚತದ, ತಮ್ಮಾ. ತಣ್ಣಗಿದ್ದಾಗ ಹ್ಯಾಂಗ ಏಳ್ತದ, ಹೊಗಿ ಹ್ಯಾಂಗ ಬಿಡ್ತದ, ಅದು ಖರೇ ಗುಣ. ನಿಮಗ ದಿನಾ ಮುಂಜಾನೆ ತಣ್ಣನ ಗಾಡಿನೇ ಎಬ್ಬಿಸೂದು ಅದ," ಎಂದಳು ಗುಲಫಶಾ.

ಮರಳಿ ಬಂದು ಕೀಲಿ ತಿರುಗಿಸಿದರೆ, ಕಾರು ಎರಡು ಸಲ ಕೆಮ್ಮಿ ಮೂರನೆಯ ಸಲಕ್ಕೆ ಎದ್ದಿತು. ಹಿಂದಿನಿಂದ ನೀಲಿ ಹೊಗೆ ಬಂತು. "ಎಂಜಿನ್ ಒಳಗಿನ ಎಣ್ಣಿ ಸುಡಾಕತ್ತದ," ಎಂದು ಗುಲಫಶಾ ಮಹೇಶನಿಗೆ ಮಾತ್ರ ಕೇಳುವಂತೆ ಹೇಳಿದಳು. ಮೀಟರ್ ನಲವತ್ತೆಂಟು ಸಾವಿರ ಕಿಲೋಮೀಟರ್ ತೋರಿಸುತ್ತಿತ್ತು. ಆದರೆ ಕ್ಲಚ್ ಪೆಡಲಿನ ರಬ್ಬರ್ ಸವೆದು ಒಳಗಿನ ಕಬ್ಬಿಣ ಕಾಣುತ್ತಿತ್ತು; ಮೀಟರನ್ನು ಯಾರೋ ಹಿಂದಕ್ಕೆ ತಿರುಗಿಸಿದ್ದರು.

ಸುಭದ್ರಾಬಾಯಿ ಹಿಂದೆ ಹೋಗಿ ಡಿಕ್ಕಿ ತೆರೆಸಿ ಬುಟ್ಟಿ ಇಳಿಸಿ ನೋಡಿದಳು. ಡಿಕ್ಕಿ ದೊಡ್ಡದಿತ್ತು, ಬಾಯಿ ಸಣ್ಣದು. ಬುಟ್ಟಿ ಒಳಗೆ ಹೋಗಲಿಲ್ಲ. ಓರೆ ಮಾಡಿದರೂ ಹೋಗಲಿಲ್ಲ.

"ಸಣ್ಣ ಬುಟ್ಟಿ ಮಾಡ್ಸಿದ್ರಾತು," ಎಂದ ಮಹೇಶ.

ಸುಭದ್ರಾಬಾಯಿ ಬುಟ್ಟಿ ಕೆಳಗಿಟ್ಟಳು. ಹಿಂದಿನ ಸೀಟಿನಲ್ಲಿ ಕುಳಿತು ಬಾಗಿಲು ಎಳೆದುಕೊಂಡಳು. ಸೆಂಟಿನ ಘಾಟು ಮೂಗಿಗೆ ಬಡಿಯಿತು. ಅದರ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ಮೂವತ್ತು ವರ್ಷ ಹಿಟ್ಟಿನ ನಡುವೆ ಬದುಕಿದ ಮೂಗು ಅದು. ಮತ್ತೊಮ್ಮೆ ಉಸಿರೆಳೆದುಕೊಂಡಳು.

"ಗುಲಫಶಾ, ಜರಾ ಬಾ ಇಲ್ಲಿ. ಜ್ವಾಳದ ಚೀಲ ನೀರಾಗ ತೊಯ್ದು ಒಣಗಿದ ಮ್ಯಾಲ ಒಂದು ಮುಗ್ಗಲು ವಾಸನಿ ಬರ್ತದ ನೋಡು, ಅದು ಬರಾಕತ್ತದ."

ಗುಲಫಶಾ ಒಳಗೆ ಬಗ್ಗಿದಳು. ಸೀಟ್ ಬೆಲ್ಟ್ ಹಿಡಿದು ಕೊನೆಯತನಕ ಎಳೆದಳು. ಹೊರಗೆ ಕಾಣುವ ಭಾಗ ಸ್ವಚ್ಛವಾಗಿತ್ತು. ಒಳಗಿನಿಂದ ಬಂದ ಭಾಗದಲ್ಲಿ ಕೆಸರಿನ ಕಂದು ಗೆರೆ ಕಟ್ಟಿತ್ತು. ಡಿಕ್ಕಿಯ ಸ್ಟೆಪ್ನಿ ಎತ್ತಿದರೆ ಅದರಡಿ ಒಣಗಿದ ರೇವೆ ಮಣ್ಣು.

"ಈ ಗಾಡಿ ನೀರಾಗ ಮುಳುಗಿ ಎದ್ದದ್ದು," ಎಂದಳು. "ವೈರಿಂಗ್ ಒಳಗಿಂದೊಳಗ ಕೊಳೀತಿರ್ತದ. ಇವತ್ತು ಲೈಟು, ನಾಳೆ ಬ್ರೇಕಿನ ಸೆನ್ಸರು. ಎಂದು ಎಲ್ಲಿ ನಿಲ್ತದ ಹೇಳಾಕ ಬರಂಗಿಲ್ಲ."

ಮಾರುವವನ ಮುಖ ಬಾಡಿತು. ಕಾಗದ ಕೇಳಿದಾಗ ಇನ್ನಷ್ಟು ಹೊರಬಂತು. ಬ್ಯಾಂಕಿನ ಸಾಲ ತೀರಿದ ಪತ್ರ ಇರಲಿಲ್ಲ. ಸೊಲ್ಲಾಪುರದ ಆರ್‌ಟಿಓದಿಂದ ಎನ್‌ಓಸಿ, ಅಂದರೆ ನಿರಾಕ್ಷೇಪಣಾ ಪತ್ರ, ತಂದಿರಲಿಲ್ಲ. "ಮಹಾರಾಷ್ಟ್ರದ ನಂಬರಿನ ಗಾಡಿ ನಮ್ಮ ಕಡೆ ಬರಬೇಕಂದ್ರ ಎನ್‌ಓಸಿ ಬೇಕು, ಇಲ್ಲಿ ಟ್ಯಾಕ್ಸ್ ಕಟ್ಟಿ ನಂಬರ್ ಬದ್ಲಿ ಮಾಡಿಸಬೇಕು. ಆ ಖರ್ಚು ಕೂಡಿಸಿದ್ರ ಇದು ಸಸ್ತಾ ಹ್ಯಾಂಗ ಆಗ್ತದ?" ಎಂದಳು ಗುಲಫಶಾ.

ಅಡ್ವಾನ್ಸ್ ಕೊಡದೆ ಮೂವರೂ ಹೊರಬಿದ್ದರು. ಬಸ್‌ಸ್ಟ್ಯಾಂಡಿನವರೆಗೂ ಮಹೇಶ ಕಾಲೆಳೆಯುತ್ತ ಹಿಂದಿನಿಂದ ಬಂದ. ಮೋಸ ಹೋಗಲಿದ್ದ ನಾಚಿಕೆಗಿಂತ, ಕೈಗೆ ಬಂದ ವೇಗದ ಗಾಡಿ ತಪ್ಪಿತೆಂಬ ಸಂಕಟವೇ ಅವನಿಗೆ ಹೆಚ್ಚಾಗಿತ್ತು. ಸುಭದ್ರಾಬಾಯಿಗೆ ಅದು ತಿಳಿಯಿತು. ಆಕೆಯೂ ಸೋತಿದ್ದಳು. "ನಮಗ ಕಾರಿನ ಹಣೇಬರ ಇಲ್ಲೇನೋ ಗುಲಫಶಾ," ಎಂದಳು.

"ಹಣೇಬರಕ್ಕಿಂತ ಮೊದಲು ಲೆಕ್ಕ ನೋಡ್ರಿ, ಅಕ್ಕಾ. ಕೊಳ್ಳೂ ರೇಟು ಒಂದು ಸಲದ್ದು. ಓಡಿಸೂ ಖರ್ಚು ದಿನದ್ದು. ನೀವು ದಿನಾ ಹೋಗಿಬರೂದು ಸುಮಾರು ನೂರು ಕಿಲೋಮೀಟರ್. ಹಗುರ ಪೆಟ್ರೋಲ್ ಗಾಡಿ ಲೀಟರಿಗೆ ಹದಿನೆಂಟು ಕಿಲೋಮೀಟರ್ ಕೊಟ್ರ ಐದೂವರೆ ಲೀಟರ್, ಅಂದಾಜು ಐನೂರಾ ಎಪ್ಪತ್ತು ರೂಪಾಯಿ. ಅದರ ಮ್ಯಾಲ ಸರ್ವಿಸ್, ಟಾಯರ್, ವರ್ಷದ ಇನ್ಶುರೆನ್ಸ್, ರಿಪೇರಿ ಸಲುವಾಗಿ ದಿನಾ ಇನ್ನೂರು ತಗದಿಡ್ರಿ. ಗಾಡಿ ಕೆಟ್ಟಾಗ ಅಲ್ಲ, ಚಲೋ ಇದ್ದಾಗನ ತಗದಿಡಬೇಕು."

ಸುಭದ್ರಾಬಾಯಿ ಬೆರಳು ಮಡಿಚಿದಳು. ಅಂಕಿಗಳನ್ನು ಆಕೆ ಯಾವಾಗಲೂ ರೊಟ್ಟಿಗೆ ತಿರುಗಿಸಿಯೇ ನೋಡುತ್ತಿದ್ದಳು. ರೊಟ್ಟಿಗೆ ಎಂಟು ರೂಪಾಯಿ. "ಅಂದ್ರ ದಿನಕ್ಕ ಸುಮಾರು ನೂರು ರೊಟ್ಟಿ ಗಾಡಿಗೆ," ಎಂದಳು. "ಈ ಕರೇ ಗಾಡಿ?"

"ಎಂಜಿನ್ ಕೆಲಸ, ದೊಡ್ಡ ಟಾಯರ್ ಎಲ್ಲಾ ಹಿಡದ್ರ ನೂರಾ ಅರವತ್ತಕ್ಕ ಕಡಿಮಿ ಆಗಂಗಿಲ್ಲ."

"ನೂರು ರೊಟ್ಟಿ ಕೊಡಬಹುದು. ಮಹೇಶನ ದಿನದ ಪಗಾರ ಐನೂರು ರೂಪಾಯಿ ಕೊಟ್ಟರೂ ಆಟೋಕ್ಕಿಂತ ಕಡಿಮಿನೇ," ಎಂದಳು ಸುಭದ್ರಾಬಾಯಿ.

"ಬರುವಾಗ ಖಾಲಿ ಬರ್ತೇವಲ್ಲ, ನಾಕು ಮಂದಿ ಬಾಡಿಗಿ ಹಾಕ್ಕೊಂಡ್ರ ಪೆಟ್ರೋಲಿನ ರೊಕ್ಕ ಹುಟ್ತದ," ಎಂದ ಮಹೇಶ.

"ಆ ಕೆಲಸ ಮಾಡಬ್ಯಾಡ್ರಿ," ಎಂದಳು ಗುಲಫಶಾ. "ಬಿಳಿ ಬೋರ್ಡಿನ ಸ್ವಂತದ ಗಾಡ್ಯಾಗ ಬಾಡಿಗಿ ಹೊಡಿಯಾಕ ಪರ್ಮಿಷನ್ ಇಲ್ಲ. ಏನಾರ ಆದ್ರ ಇನ್ಶುರೆನ್ಸ್‌ನವರು ಕೈ ಎತ್ತತಾರ. ನಿಮ್ಮ ರೊಟ್ಟಿ ಒಯ್ಯೂದನ್ನೂ ಪಾಲಿಸಿ ಮಾಡಿಸುವಾಗ ಖರೇ ಹೇಳಿ, ಕೇಳಿ ಮಾಡಿಸ್ರಿ."

ಹತ್ತು ದಿನದ ಮೇಲೆ ಜೇವರ್ಗಿಯಲ್ಲಿ ಇನ್ನೊಂದು ಗಾಡಿ ಸಿಕ್ಕಿತು. ಶಾಲೆಯ ಟೀಚರ್ ವಿದ್ಯಾವತಿಯವರದು, ಬಿಳಿ ಬಣ್ಣದ ಸಣ್ಣ ಪೆಟ್ರೋಲ್ ಕಾರು, ಏಳು ವರ್ಷದ್ದು. ತಮ್ಮ ಸ್ವಂತ ಊರಿಗೆ ವರ್ಗವಾದ್ದರಿಂದ ಮಾರುತ್ತಿದ್ದರು. ಬೆಲೆ ಮೂರು ಲಕ್ಷ ನಲವತ್ತು ಸಾವಿರ.

"ಸಣ್ಣ ಗಾಡಿಗೆ ಮೂವತ್ತು ಸಾವಿರ ಜಾಸ್ತಿ?" ಎಂದ ಮಹೇಶ. "ಇದು ಓಡ್ತದೇನ್ರಿ?"

"ನೀವ ಓಡಿಸಿ ನೋಡ್ರಿ," ಎಂದರು ವಿದ್ಯಾವತಿ.

ಈ ಸಲ ಬಾನೆಟ್ ತಣ್ಣಗಿತ್ತು. ಒಂದೇ ತಿರುವಿಗೆ ಎಂಜಿನ್ ಎದ್ದಿತು. ಪ್ರತಿ ಸರ್ವಿಸಿನ ಚೀಟಿ ದಾರಕ್ಕೆ ಪೋಣಿಸಿಟ್ಟಿದ್ದರು. ಎರಡು ಟಾಯರ್ ಮಾತ್ರ ಹಳೆಯವು. ಟಾಯರಿನ ಮೈಮೇಲೆ ಒತ್ತಿದ ನಾಲ್ಕು ಅಂಕಿಯಲ್ಲಿ ಅದು ತಯಾರಾದ ವಾರ, ವರ್ಷ ಇರುತ್ತದೆಂದು ಗುಲಫಶಾ ತೋರಿಸಿದಳು. ಅವುಗಳ ಹೆಸರಿನಲ್ಲಿ ಎಂಟು ಸಾವಿರ ಇಳಿಸಲು ಟೀಚರ್ ಒಪ್ಪಿದರು. ಹಿಂದಿನ ಸೀಟು ಮಡಚಿದಾಗ ಆರು ಬುಟ್ಟಿಗೆ ಸರಿಯಾಗಿ ಜಾಗವಾಯಿತು.

ಮಹೇಶ ಹೈವೇಗೆ ತೆಗೆದುಕೊಂಡು ಹೋದ. ಪಕ್ಕದಲ್ಲಿ ಅತ್ತೆ, ಹಿಂದೆ ಗುಲಫಶಾ. ಮುಂದೆ ಎರಡು ಟ್ರೇಲರ್ ಡಬ್ಬಿ ಕಟ್ಟಿಕೊಂಡು ಕಬ್ಬಿನ ಟ್ರ್ಯಾಕ್ಟರ್ ಹೋಗುತ್ತಿತ್ತು. ಎದುರಿನ ದಾರಿ ಖಾಲಿಯಿರುವುದನ್ನು ನೋಡಿ, ಗೇರ್ ಇಳಿಸಿ ಕಾಲಿಟ್ಟ. ಹಗುರ ಗಾಡಿ ಒಂದೇ ಉಸಿರಿಗೆ ಮುಂದೆ ಬಂತು. ಎಂಬತ್ತರಲ್ಲಿ ಸ್ಟೇರಿಂಗ್ ನಡುಗಲಿಲ್ಲ. ಬ್ರೇಕ್ ಒತ್ತಿದರೆ ಅತ್ತ ಇತ್ತ ಎಳೆಯಲಿಲ್ಲ.

"ಪಿಕಪ್ ಅದ," ಎಂದ ಮಹೇಶ, ಸಣ್ಣ ದನಿಯಲ್ಲಿ.

"ತಮ್ಮಾ, ಕಿಣ್ಣಿಯಿಂದ ಕಲಬುರಗಿತನಕ ನೂರರ ಮ್ಯಾಲ ಹೊಡಿಯೂ ಜಾಗ ಎಷ್ಟದ?" ಎಂದು ಹಿಂದಿನಿಂದ ಗುಲಫಶಾ ಕೇಳಿದಳು.

ಅವನು ದಾರಿಯನ್ನು ಮನಸ್ಸಿನಲ್ಲಿ ಓಡಿಸಿ ನೋಡಿದ. ಊರಿಗೊಂದು ಹಂಪು, ದನಗಳು, ಶಾಲೆಯ ಮಕ್ಕಳು, ತಿರುವು. "ಇಲ್ರಿ," ಎಂದ. ಸ್ವಲ್ಪ ದೂರ ಹೋದ ಮೇಲೆ ತಾನೇ ಹೇಳಿದ: "ನಮಗ ಬೇಕಾದ್ದು ದಿನಾ ದಾರ್ಯಾಗ ಕೆಟ್ಟು ನಿಲ್ಲದಂಗ ಓಡೂ ಗಾಡಿ. ಇದನ್ನೇ ತಗೊಳ್ಳೋಣು, ಅತ್ತಿ."

ಸುಭದ್ರಾಬಾಯಿ ಅವನ ಭುಜದ ಮೇಲೆ ಕೈಯಿಟ್ಟಳು. ಸಂಘದ ಠರಾವಿನಂತೆ ಗಾಡಿ ಆಕೆಯ ಹೆಸರಿಗಾಯಿತು. ಆರ್‌ಟಿಓದಲ್ಲಿ ಹೆಸರು ಬದಲಾಗಿ, ಇನ್ಶುರೆನ್ಸೂ ಅದೇ ಹೆಸರಿಗೆ ಬಂದ ಮೇಲೆಯೇ ಕೊನೆಯ ಇಪ್ಪತ್ತು ಸಾವಿರ ಕೊಟ್ಟರು. ಉಳಿದ ಹಣದಲ್ಲಿ ಹೊಸ ಟಾಯರ್ ಹಾಕಿಸಿ, ಗಾಡಿಗೆಂದೇ ಬೇರೆ ಖಾತೆ ತೆರೆದು, ದಿನಕ್ಕೆ ಇನ್ನೂರು ತೆಗೆದಿಡತೊಡಗಿದರು.

ಈಗ ಹತ್ತಕ್ಕೆ ಊರು ಬಿಟ್ಟರೆ ಹನ್ನೊಂದೂವರೆಯೊಳಗೆ ರೊಟ್ಟಿ ಹಾಸ್ಟೆಲಿನಲ್ಲಿರುತ್ತದೆ. ಐದನೆಯ ತಿಂಗಳು ಕ್ಲಚ್ ಪ್ಲೇಟ್ ಹೋಯಿತು. ಏಳು ಸಾವಿರದ ಬಿಲ್ಲನ್ನು ಸುಭದ್ರಾಬಾಯಿ ಎರಡೆರಡು ಸಲ ನೋಡಿದಳು. ಮರುಕ್ಷಣ ಗಾಡಿಯ ಖಾತೆ ನೆನಪಾಯಿತು. ಯಾರ ಮನೆಯ ಬಾಗಿಲೂ ಬಡಿಯಲಿಲ್ಲ, ಯಾರ ಕೊರಳಿನ ಸರವೂ ಅಡವು ಹೋಗಲಿಲ್ಲ. ಗುಲಫಶಾಳ ಗಂಡ ಜಮೀರ ಸಂಜೆಯೊಳಗೆ ಪ್ಲೇಟ್ ಹಾಕಿಕೊಟ್ಟ. ಮರುದಿನ ನಿಂಬೆವ್ವ ಮುಂದಿನ ಸೀಟಿನಲ್ಲಿ ಕುಳಿತು ತಾನೂ ಹಾಸ್ಟೆಲ್ ನೋಡಲು ಹೊರಟಳು. "ಮೆಲ್ಲಕ ಹೊಡಿ ಮಗಾ, ಹೊತ್ತು ಭಾಳ ಅದ," ಎಂದಳು. ಮಹೇಶ ನಕ್ಕು ಗೇರ್ ಹಾಕಿದ.

ತಾಯಂದಿರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಹಳೆಯ ಕಾರಿನ ಮಾತು ಎದ್ದಿರಬಹುದು. ಹೊಳಪು ನೋಡಿ, ವೇಗ ಕೇಳಿ ಮುಂಗಡ ಕೊಡಬೇಡಿ. ನಿಮ್ಮ ಊರಿನ ದಾರಿಗೆ, ನಿಮ್ಮ ಕೆಲಸಕ್ಕೆ ಯಾವ ಗಾಡಿ ಬೇಕೆಂದು ಮೊದಲು ಕೂತು ಮಾತಾಡಿ. ತಿಳಿದವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ, ತಣ್ಣಗಿರುವ ಎಂಜಿನ್ ಎಬ್ಬಿಸಿ ನೋಡಿ, ಕಾಗದಗಳನ್ನು ಒಂದೊಂದಾಗಿ ಓದಿಸಿ. ದಿನದ ಖರ್ಚನ್ನು ನಿಮ್ಮ ದುಡಿಮೆಯ ಲೆಕ್ಕದಲ್ಲೇ ಎಣಿಸಿ: ಹಾಲು ಮಾರುವವರು ಲೀಟರಿನಲ್ಲಿ, ಬಟ್ಟೆ ಹೊಲಿಯುವವರು ಕುಪ್ಪಸದಲ್ಲಿ. ಆ ಲೆಕ್ಕ ನಿಮ್ಮ ಮನಸ್ಸಿಗೆ ಒಪ್ಪಿದರೆ ಮಾತ್ರ ಕೀಲಿ ಕೈಗೆ ತೆಗೆದುಕೊಳ್ಳಿ.